ಹತ್ತು ಹತ್ತಿದರೆ ಲೆಕ್ಕ ಹತ್ತುತ್ತದೆ

ಮೂರನೇ ಕ್ಲಾಸಿನ ಮಗುವಿಗೆ 8 + 5 ಕೊಟ್ಟು ಉತ್ತರ ನೋಡುವ ಮೊದಲು ಅದರ ಕೈ ನೋಡಿ. ಒಂದು ಮಗು ಎಂಟು ಬೆರಳು ಒಂದೊಂದಾಗಿ ಎತ್ತುತ್ತದೆ. ಮುಂದೆ ಐದು ಎತ್ತಲು ಬೆರಳು ಸಾಲದೆ ತಡವರಿಸುತ್ತದೆ, ಮೊದಲಿನವನ್ನು ಮಡಚುತ್ತದೆ, ಕೊನೆಗೆ ಎಲ್ಲವನ್ನೂ ಮತ್ತೆ ಒಂದರಿಂದ ಎಣಿಸುತ್ತದೆ. ಉತ್ತರ 12 ಬರಬಹುದು, 14 ಬರಬಹುದು. ಪಕ್ಕದ ಮಗು ಎಂಟನ್ನು ಮನಸ್ಸಲ್ಲಿಟ್ಟುಕೊಂಡು ಒಂಬತ್ತು, ಹತ್ತು, ಹನ್ನೊಂದು ಎಂದು ಮುಂದಕ್ಕೆ ಎಣಿಸಿ 13ಕ್ಕೆ ನಿಲ್ಲುತ್ತದೆ. ಇನ್ನೊಂದು ಮಗು ಐದರಲ್ಲಿ ಎರಡನ್ನು ಎಂಟಕ್ಕೆ ಕೊಟ್ಟು ಹತ್ತು ಮಾಡಿ, ಉಳಿದ ಮೂರನ್ನು ಸೇರಿಸಿಬಿಡುತ್ತದೆ. ಮೊದಲನೇ ಮಗುವನ್ನು ಮೂರನೆಯದರ ಹತ್ತಿರಕ್ಕೆ ಕರೆತರುವ ಸಾಮಗ್ರಿಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಬಹುಪಾಲು ಮನೆಯಲ್ಲೇ ಇರುವಂಥವು. ಯಾವ ಸಾಮಗ್ರಿ ಯಾವಾಗ ಬರಬೇಕು, ಯಾವಾಗ ಹೋಗಬೇಕು ಎಂಬುದರಲ್ಲೇ ಹೆಚ್ಚು ತಪ್ಪಾಗುತ್ತದೆ.

ಮಾತು, ಓದು, ತಿಳುವಳಿಕೆ ಚೆನ್ನಾಗಿದ್ದೂ ಸಂಖ್ಯೆಯ ಹಿಂದಿರುವ ಪ್ರಮಾಣ ಮಾತ್ರ ಕೈಗೆ ಸಿಗದಿರುವುದಕ್ಕೆ ಡಿಸ್ಕ್ಯಾಲ್ಕ್ಯುಲಿಯಾ ಎನ್ನುತ್ತಾರೆ. ನೂರು ಮಕ್ಕಳಲ್ಲಿ ಸುಮಾರು 3ರಿಂದ 7 ಮಕ್ಕಳಿಗೆ ಇದು ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಹಾಗೆಂದು ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆಲ್ಲ ಡಿಸ್ಕ್ಯಾಲ್ಕ್ಯುಲಿಯಾ ಇರುವುದಿಲ್ಲ. ಕಣ್ಣು ಮಂಜು, ಕಿವಿ ಮಂದ, ಪದೇಪದೇ ಶಾಲೆ ತಪ್ಪಿದ್ದು, ಅರ್ಥವಾಗದ ಭಾಷೆಯಲ್ಲಿ ಪಾಠ, ಬೈಗುಳದಿಂದ ಹುಟ್ಟಿದ ಭಯ, ಇವೂ ಅದೇ ತಪ್ಪುಗಳನ್ನು ಮಾಡಿಸುತ್ತವೆ. ಕಾರಣ ಯಾವುದೇ ಇರಲಿ, ಕೆಳಗಿನ ಸಾಮಗ್ರಿಗಳು ಎರಡೂ ಬಗೆಯ ಮಕ್ಕಳಿಗೆ ಒದಗುತ್ತವೆ. ಆದ್ದರಿಂದ ಡಿಸ್ಕ್ಯಾಲ್ಕ್ಯುಲಿಯಾ ಇದೆ ಎಂಬ ಪ್ರಮಾಣಪತ್ರ ಬರಲಿ ಎಂದು ಕಾಯುತ್ತ ಒಂದು ವರ್ಷ ಕಳೆಯಬೇಡಿ.

ಶುರು ಮಾಡುವ ಮುನ್ನ ಹತ್ತು ನಿಮಿಷದ ತಪಾಸಣೆ ಸಾಕು. ಐದು ಹುಣಸೆ ಬೀಜ ಚೆಲ್ಲಿ, ಎಣಿಸದೆ ನೋಡಿಯೇ ಎಷ್ಟೆಂದು ಹೇಳುತ್ತದೆಯೇ? 23 ಬೀಜ ಎಣಿಸಲು ಹೇಳಿ, ಎಣಿಸಿದ ಮೇಲೆ ಕೈ ಅಡ್ಡವಿಟ್ಟು "ಒಟ್ಟು ಎಷ್ಟಿತ್ತು?" ಎಂದು ಕೇಳಿ. ಮತ್ತೆ ಎಣಿಸಲು ಹೊರಟರೆ, ಎಣಿಕೆಯ ಕೊನೆಯ ಹೆಸರೇ ಒಟ್ಟು ಮೊತ್ತ ಎಂಬುದು ಇನ್ನೂ ಕೂತಿಲ್ಲ. 20ರಿಂದ ಹಿಂದಕ್ಕೆ ಹೇಳಿಸಿ. 'ನೂರ ಏಳು' ಬರೆಸಿ. 1007 ಎಂದು ಬರೆದರೆ ಮಗು ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ: ನೂರು, ಅದರ ಪಕ್ಕ ಏಳು. ಸ್ಥಾನಬೆಲೆ ಬಂದಿಲ್ಲ, ಅಷ್ಟೇ. ಕೊನೆಗೆ 43 − 17. ಉತ್ತರ 34 ಬಂದರೆ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ ಎಂದರ್ಥ. ಈ ಐದರಲ್ಲಿ ಮೊದಲು ಎಲ್ಲಿ ಎಡವಿತೋ ಅಲ್ಲಿಂದಲೇ ಕೆಲಸ ಶುರು, ಮಗು ಐದನೇ ಕ್ಲಾಸಿನಲ್ಲಿದ್ದರೂ ಸರಿ.

ಮೊದಲು ಮಾಡಿಕೊಳ್ಳಬೇಕಾದದ್ದು ಚುಕ್ಕಿ ಕಾರ್ಡು. ಹಳೆಯ ಮದುವೆ ಕಾಗದದ ರಟ್ಟನ್ನು 8 ಸೆಂ.ಮೀ. ಚೌಕವಾಗಿ ಕತ್ತರಿಸಿ, ಒಂದೇ ಅಳತೆಯ ಬೊಟ್ಟಿನ ಸ್ಟಿಕ್ಕರ್ ಅಂಟಿಸಿ. ಒಂದರಿಂದ ಐದರವರೆಗೆ ದಾಳದ ಮೇಲಿರುವ ಜೋಡಣೆ. ಆರರಿಂದ ಹತ್ತರವರೆಗೆ 'ಐದು ಮತ್ತು ಮಿಕ್ಕಿದ್ದು': ಏಳೆಂದರೆ ಐದು ಕೆಂಪು ಬೊಟ್ಟು, ಎರಡು ಕಪ್ಪು. ಒಂದೆರಡು ಸೆಕೆಂಡು ತೋರಿಸಿ ಮುಚ್ಚಿ, "ಎಷ್ಟು? ಹೇಗೆ ಕಂಡಿತು?" ಎಂದು ಕೇಳಿ. ಎರಡನೇ ಪ್ರಶ್ನೆಯನ್ನು ಬಿಡಬೇಡಿ. "ಐದು, ಮತ್ತೆರಡು" ಎಂದು ಮಗು ಹೇಳಿದ ದಿನ ಅದು ಒಂದೊಂದಾಗಿ ಎಣಿಸುವುದರಿಂದ ಆಚೆ ಕಾಲಿಟ್ಟಿದೆ.

ಆಮೇಲೆ ಹತ್ತರ ಚೌಕಟ್ಟು. ಅಂಗಡಿಯಲ್ಲಿ ಸಿಗುವ 30 ಮೊಟ್ಟೆಯ ರಟ್ಟಿನ ಟ್ರೇಯಲ್ಲಿ ಐದೈದು ಗುಳಿಗಳ ಆರು ಸಾಲು ಇರುತ್ತವೆ. ಎರಡೆರಡು ಸಾಲಿಗೆ ಕತ್ತರಿಸಿದರೆ ಹತ್ತು ಗುಳಿಗಳ ಮೂರು ಚೌಕಟ್ಟು ಸಿದ್ಧ. ಒಂದೇ ನಿಯಮ: ಮೇಲಿನ ಸಾಲನ್ನು ಎಡದಿಂದ ತುಂಬಿ ಮುಗಿಸಿ ಕೆಳಗಿನ ಸಾಲಿಗೆ ಬರಬೇಕು. ಮಗು ಮನಸ್ಸಿಗೆ ಬಂದ ಗುಳಿಯಲ್ಲಿ ಬೀಜ ಹಾಕಿದರೆ ಚೌಕಟ್ಟಿಗೆ ಅರ್ಥವೇ ಇರುವುದಿಲ್ಲ, ಮತ್ತೆ ಒಂದೊಂದಾಗಿ ಎಣಿಸಬೇಕಾಗುತ್ತದೆ. ನಿಯಮದಂತೆ ತುಂಬಿದಾಗ 8 ಎಂದರೆ ಎರಡು ಖಾಲಿ ಗುಳಿ. ಹತ್ತಕ್ಕೆ ಎಷ್ಟು ಕಡಿಮೆ ಎಂಬುದು ಕಣ್ಣಿಗೇ ಕಾಣುತ್ತದೆ. 8 + 5ಕ್ಕೆ ಎರಡು ಚೌಕಟ್ಟು ಬೇಕು. ಒಂದರಲ್ಲಿ 8, ಇನ್ನೊಂದರಲ್ಲಿ 5. ಎರಡನೆಯದರಿಂದ ಎರಡು ಬೀಜ ತೆಗೆದು ಮೊದಲನೆಯದನ್ನು ಭರ್ತಿ ಮಾಡಿದರೆ ಹತ್ತು ಮತ್ತು ಮೂರು.

ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮಗು ಟ್ರೇಯಲ್ಲಿ ಸರಿಯಾಗಿ ಮಾಡಿತು ಎಂದು ಮರುದಿನವೇ ಟ್ರೇ ಎತ್ತಿಟ್ಟು ಪುಸ್ತಕದಲ್ಲಿ 8 + 5 ಬರೆಸುತ್ತೇವೆ. ಮಗು ಸೀದಾ ಬೆರಳಿಗೆ ಮರಳುತ್ತದೆ. "ಸಾಮಗ್ರಿ ಇದ್ದರೆ ಬರುತ್ತೆ, ಇಲ್ಲದಿದ್ದರೆ ಬರಲ್ಲ" ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಕೈಗೂ ಕಾಗದಕ್ಕೂ ನಡುವೆ ಒಂದು ಮೆಟ್ಟಿಲು ಇದೆ, ನಾನು ಅದನ್ನು ಬಟ್ಟೆ ಮುಚ್ಚುವ ಹಂತ ಎನ್ನುತ್ತೇನೆ. ಎರಡೂ ಟ್ರೇಗಳಲ್ಲಿ ಬೀಜ ಹಾಕಿಸಿ, ಮೇಲೆ ಟವೆಲ್ ಮುಚ್ಚಿ. "ಮೊದಲನೇ ಟ್ರೇಯಲ್ಲಿ ಎಷ್ಟು ಗುಳಿ ಖಾಲಿ ಇದೆ?" "ಎರಡು." "ಅದನ್ನು ಎಲ್ಲಿಂದ ತುಂಬ್ತೀಯ?" "ಆ ಟ್ರೇಯಿಂದ ಎರಡು ತಗೋತೀನಿ." "ಅಲ್ಲಿ ಎಷ್ಟು ಉಳೀತು?" "ಮೂರು." "ಹಾಗಾದ್ರೆ ಒಟ್ಟು?" ಉತ್ತರ ಬಂದ ಮೇಲೆ ಟವೆಲ್ ಎತ್ತಿ ಮಗುವೇ ಬೀಜ ಸರಿಸಿ ನೋಡಲಿ. ಸರಿಯೋ ತಪ್ಪೋ ಎಂದು ನೀವು ಹೇಳುವ ಅಗತ್ಯವೇ ಬರುವುದಿಲ್ಲ. ಮಾತು ಸಿಕ್ಕಿಕೊಂಡರೆ ಟವೆಲ್ಲಿನ ಒಂದು ಮೂಲೆ ಎತ್ತಿ ಇಣುಕಲು ಬಿಡಿ. ಆಮೇಲೆ ಟ್ರೇ ಇಲ್ಲದೆ ಕಾಗದದ ಮೇಲೆ ಹತ್ತು ಮನೆಯ ಚಿತ್ರ, ಅದಾದ ಮೇಲೆ ಬರೀ ಅಂಕಿ. ಕೆಲವು ಮಕ್ಕಳಿಗೆ ಈ ಟವೆಲ್ಲಿನ ಹಂತವೇ ಮೂರು ವಾರ ಹಿಡಿಯುತ್ತದೆ. ಹಿಡಿಯಲಿ. ಟ್ರೇ ಬೇಡ ಎಂದು ಮಗುವೇ ಪಕ್ಕಕ್ಕೆ ಸರಿಸುವವರೆಗೂ ಅದು ಮೇಜಿನ ಮೇಲೇ ಇರಬೇಕು.

ಇಪ್ಪತ್ತರಾಚೆ ಹೋಗಲು ಕಡ್ಡಿ ಕಟ್ಟು. ಐಸ್‌ಕ್ರೀಂ ಕಡ್ಡಿಯಾದರೂ ಸರಿ, ಹೊಸ ತೆಂಗಿನ ಪೊರಕೆಯ ಕಡ್ಡಿಯನ್ನು 10 ಸೆಂ.ಮೀ.ಗೆ ಕತ್ತರಿಸಿದರೂ ಸರಿ. ಒಟ್ಟು 120 ಇರಲಿ. ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುವ ಕೆಲಸ ಮಗುವಿನದೇ. ನೀವು ಕಟ್ಟಿ ಕೊಟ್ಟ ಕಟ್ಟಿನಲ್ಲಿ ಹತ್ತು ಇದೆ ಎಂದು ಅದು ಯಾಕೆ ನಂಬಬೇಕು? 43 − 17ಕ್ಕೆ ನಾಲ್ಕು ಕಟ್ಟು, ಮೂರು ಬಿಡಿ ಇಡಿಸಿ. ಏಳು ಕೊಡು ಎಂದರೆ ಬಿಡಿ ಸಾಲದು. ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದಾಗ ಮೂರು ಕಟ್ಟು, ಹದಿಮೂರು ಬಿಡಿ. ಏಳು ಹೋಗಿ ಆರು, ಒಂದು ಕಟ್ಟು ಹೋಗಿ ಎರಡು, ಉಳಿದದ್ದು 26. 'ಪಕ್ಕದಿಂದ ಒಂದು ಸಾಲ ತಂದೆ' ಎಂಬ ಮಾತು ಇಲ್ಲಿ ಬೇಡ. ಸಾಲ ತಂದದ್ದನ್ನು ಯಾವಾಗ ತೀರಿಸುವುದು ಎಂದು ಮಗು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. 'ಕಟ್ಟು ಬಿಚ್ಚಿದೆ', 'ಕಟ್ಟು ಕಟ್ಟಿದೆ' ಎಂದರೆ ನಡೆದದ್ದನ್ನೇ ಹೇಳಿದಂತಾಗುತ್ತದೆ.

ಸಾಮಗ್ರಿಗಳ ಕ್ರಮ ಇಲ್ಲಿ ಬಹಳ ಮುಖ್ಯ. ಕಡ್ಡಿ ಕಟ್ಟನ್ನು ಬಿಚ್ಚಬಹುದು. ಪ್ಲಾಸ್ಟಿಕ್ ದಶಮಾನ ಬ್ಲಾಕಿನ ಹತ್ತರ ಕೋಲನ್ನು ಬಿಚ್ಚಲಾಗದು, ಆದರೆ ಅದರ ಮೇಲೆ ಗೆರೆ ಎಳೆದ ಹತ್ತು ಭಾಗ ಕಾಣುತ್ತವೆ, ಹತ್ತು ಬಿಡಿ ಕೊಟ್ಟು ಬದಲಾಯಿಸಬೇಕು. ಹತ್ತು ರೂಪಾಯಿ ನೋಟಿನಲ್ಲಿ ಹತ್ತು ಎಲ್ಲೂ ಕಾಣುವುದಿಲ್ಲ, ನಂಬಬೇಕು. ಅಂಕಿಯಲ್ಲಂತೂ 43ರ 4 ಬರೀ ನಾಲ್ಕರಂತೆಯೇ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ನೇರ ದುಡ್ಡಿನಿಂದ ಶುರು ಮಾಡುತ್ತಾರೆ, "ದುಡ್ಡಾದರೆ ಬೇಗ ಅರ್ಥವಾಗುತ್ತೆ" ಎಂದು. ಈ ಮಕ್ಕಳಿಗೆ ಆಗುವುದಿಲ್ಲ. ನಾಲ್ಕು ನಾಣ್ಯ ಒಂದು ನೋಟಿಗಿಂತ ಹೆಚ್ಚಾಗಿ ಕಾಣುತ್ತವೆ. ಕರ್ನಾಟಕದ ಸರಕಾರಿ ಶಾಲೆಗಳಿಗೆ ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಗಣಿತ ಕಲಿಕಾ ಆಂದೋಲನದ ಮೂಲಕ ಬಂದ ಕಿಟ್ಟಿನಲ್ಲಿ ಬ್ಲಾಕು, ಅಬ್ಯಾಕಸ್, ಆಟದ ನೋಟು ಎಲ್ಲ ಒಟ್ಟಿಗೆ ಇವೆ. ಅದನ್ನು ಬಳಸುವವರು ಈ ಮಗುವಿನ ಮುಂದೆ ಎಲ್ಲವನ್ನೂ ಒಮ್ಮೆಗೇ ಸುರಿಯದೆ, ಮೊದಲು ಬ್ಲಾಕು, ಆಮೇಲೆ ನೋಟು ಕೊಡಲಿ. ಅಬ್ಯಾಕಸ್ ಕೊನೆಗೆ. ಅದರಲ್ಲಿ ಬಿಡಿಯ ಮಣಿಗೂ ನೂರರ ಮಣಿಗೂ ಗಾತ್ರ ಒಂದೇ, ಬೆಲೆ ಇರುವುದು ಕಂಬಿಯಲ್ಲಿ.

ಈಗ ಸಂಖ್ಯೆಗಳ ಹೆಸರಿಗೆ ಬರುತ್ತೇನೆ. ಕನ್ನಡದಲ್ಲಿ 11ರಿಂದ ಹೆಸರುಗಳು ಬಹಳ ಮಟ್ಟಿಗೆ ಬಿಡಿಸಿಕೊಳ್ಳುವಂಥವು. ಹದಿಮೂರರಲ್ಲಿ 'ಹದಿ' ಹತ್ತು, ಇಪ್ಪತ್ತಮೂರರಲ್ಲಿ ಹತ್ತುಗಳು ಮೊದಲು, ಬಿಡಿ ಆಮೇಲೆ, ಬರೆಯುವ ಕ್ರಮದಲ್ಲೇ. ಇದು ನಮ್ಮ ಮಕ್ಕಳಿಗೆ ಸಿಕ್ಕ ಅನುಕೂಲ. ಆದರೆ ಕಿವಿಗೆ ಮೋಸ ಮಾಡುವ ಜೋಡಿಗಳೂ ಇವೆ: ಇಪ್ಪತ್ತು ಮತ್ತು ಎಪ್ಪತ್ತು, ಒಂಬತ್ತು ಮತ್ತು ಎಂಬತ್ತು, ಎಲ್ಲಕ್ಕಿಂತ ಹೆಚ್ಚಾಗಿ ಹತ್ತೊಂಬತ್ತು ಮತ್ತು ತೊಂಬತ್ತು. ಉಕ್ತಲೇಖನದಲ್ಲಿ 19ಕ್ಕೆ 90 ಬರೆದ ಮಗುವಿಗೆ ಸ್ಥಾನಬೆಲೆ ಗೊತ್ತಿಲ್ಲ ಎಂದು ತೀರ್ಮಾನಿಸುವ ಮೊದಲು ಅದೇ ಸಂಖ್ಯೆಯನ್ನು ಕಡ್ಡಿಯಲ್ಲಿ ತೋರಿಸಿ ಬರೆಸಿ ನೋಡಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಥರ್ಟೀನ್ ಮತ್ತು ಥರ್ಟಿ ಇದೇ ಕಾಟ ಕೊಡುತ್ತವೆ. ಮೊದಲ ಕೆಲವು ವಾರ ಎರಡು ಹೆಸರಿನಿಂದ ಕರೆಯಿರಿ: "ಇಪ್ಪತ್ತಮೂರು, ಎರಡು ಹತ್ತು ಮೂರು." ಮನೆಮಾತಿನಲ್ಲಿ ಅರ್ಥವಾದ ಮೇಲೆ ಇಂಗ್ಲಿಷ್ ಹೆಸರು ಅಂಟಿಸುವುದು ಸುಲಭ, ತಿರುಗುಮುರುಗು ಮಾಡಿದರೆ ಎರಡೂ ನಿಲ್ಲುವುದಿಲ್ಲ. ಕನ್ನಡ ಅಂಕಿಗಳನ್ನೂ ಈ ಮಗುವಿಗೆ ಸ್ವಲ್ಪ ತಡವಾಗಿ ಕಲಿಸಿ. ೬ ಮತ್ತು ೯ ಇನ್ನೊಂದು ಗೊಂದಲದ ಜೋಡಿ.

1007ರ ತಪ್ಪಿಗೆ ಮದ್ದು ಒಂದರ ಮೇಲೊಂದು ಕೂರುವ ಕಾರ್ಡುಗಳು. ಎತ್ತರ ಎಲ್ಲಕ್ಕೂ 4 ಸೆಂ.ಮೀ. ಅಗಲ ಮಾತ್ರ ಬೇರೆ: 1ರಿಂದ 9ರ ಕಾರ್ಡು 3 ಸೆಂ.ಮೀ., 10ರಿಂದ 90ರದು 6, 100ರಿಂದ 900ರದು 9. ಪ್ರತಿ ಅಂಕಿಗೂ ಸರಿಯಾಗಿ 3 ಸೆಂ.ಮೀ. ಜಾಗ. 100ರ ಕಾರ್ಡಿನ ಬಲತುದಿಗೆ 7ರ ಕಾರ್ಡು ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 107 ಕಾಣುತ್ತದೆ. ಎತ್ತಿದರೆ ಒಳಗೆ ನೂರು ಪೂರ್ತಿ ಇದೆ. ನಡುವಿನ ಸೊನ್ನೆ ಏಕೆ ಬಂತು ಎಂಬುದು ಆ ಎತ್ತಿ ಇಡುವುದರಲ್ಲೇ ತಿಳಿಯುತ್ತದೆ.

ನೂರು ಮಣಿಗಳ ಮಾಲೆ, ಅಂದರೆ ಗಣಿತಮಾಲೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. 1 ಸೆಂ.ಮೀ. ದಪ್ಪದ ಮಣಿ, ಹತ್ತು ಕೆಂಪು, ಹತ್ತು ಬಿಳಿ, ಹೀಗೆ ನೂರು. ದಾರ ಸುಮಾರು ಒಂದೂವರೆ ಮೀಟರ್ ಇರಲಿ. ಮಣಿ ಸರಿಸಲು ಒಂದು ಗೇಣು ಸಡಿಲ ಬಿಟ್ಟು ಎರಡು ಮೊಳೆಯ ನಡುವೆ ಮಗುವಿನ ಎದೆಯ ಎತ್ತರಕ್ಕೆ ಕಟ್ಟಿ. ಬಟ್ಟೆ ಕ್ಲಿಪ್ಪಿಗೆ ಸಂಖ್ಯೆಯ ಚೀಟಿ ಅಂಟಿಸಿ. "34 ಎಲ್ಲಿ?" ಎಂದರೆ ಮೂರು ಹತ್ತು ದಾಟಿ ನಾಲ್ಕು ಮಣಿ. ಕ್ಲಿಪ್ಪನ್ನು 34ನೇ ಮಣಿಯ ಮೇಲೆ ಹಾಕದೆ ಅದರ ಆಚೆಯ ಸಂದಿನಲ್ಲಿ ಹಾಕಬೇಕು. ಮಣಿಯ ಮೇಲೆ ಹಾಕಿದರೆ ಕ್ಲಿಪ್ಪಿನ ಹಿಂದೆ 33 ಉಳಿಯುತ್ತದೆ, ಮುಂದಿನ ಲೆಕ್ಕವೆಲ್ಲ ಒಂದು ತಪ್ಪುತ್ತದೆ. 34 + 9 ಕೇಳಿದರೆ 40ಕ್ಕೆ ಆರು, ಮುಂದೆ ಮೂರು. 52 − 48 ಇದರಲ್ಲಿ ಅದ್ಭುತವಾಗಿ ಕಾಣುತ್ತದೆ: ಎರಡು ಕ್ಲಿಪ್ಪಿನ ನಡುವೆ ನಾಲ್ಕೇ ಮಣಿ. ಕಳೆಯುವುದೆಂದರೆ ಅಂತರವೂ ಹೌದು ಎಂಬುದು ಎಷ್ಟೋ ಮಕ್ಕಳಿಗೆ ಇಲ್ಲಿ ಮೊದಲ ಸಲ ತಿಳಿಯುತ್ತದೆ. ಮಾಲೆ ರೂಢಿಯಾದ ಮೇಲೆ ಅದನ್ನೇ ಕಾಗದದ ಮೇಲೆ ಒಂದು ಖಾಲಿ ಗೆರೆಯಾಗಿ ಎಳೆದು, ನೆಗೆತಗಳನ್ನು ಕಮಾನಿನಂತೆ ಬರೆಯಿಸಿ.

ಬಣ್ಣದ ಕೋಲುಗಳು, ಬೆಲ್ಜಿಯಂನ ಶಿಕ್ಷಕ ಕ್ಯುಸೆನೇರ್ ರೂಪಿಸಿದವು, ಸಿಕ್ಕರೆ ಒಳ್ಳೆಯದೇ. ಬಿಳಿ 1 ಸೆಂ.ಮೀ., ಕೆಂಪು 2, ಹಳದಿ 5, ಕಿತ್ತಳೆ 10. ಹತ್ತರ ಕೋಲಿನ ಪಕ್ಕ ಹತ್ತಾಗುವ ಜೋಡಿಗಳನ್ನೆಲ್ಲ ಜೋಡಿಸಲು ಇದಕ್ಕಿಂತ ಚೆನ್ನಾದದ್ದಿಲ್ಲ. ಮಗು ಉದ್ದ ನೋಡದೆ ಬಣ್ಣವನ್ನೇ ಬಾಯಿಪಾಠ ಮಾಡುತ್ತಿದೆಯೇ ಎಂದು ಮಾತ್ರ ಗಮನಿಸಿ.

ಮಗ್ಗಿಯ ವಿಷಯ. "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಎಂದು ರಾಗವಾಗಿ ಹೇಳುವ ಮಗುವಿಗೂ "ಏಳಾರ್ಲ ಎಷ್ಟು?" ಎಂದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ರಾಗ ನಡುವಿನಿಂದ ಹಿಡಿಯಲು ಬರುವುದಿಲ್ಲ. ಮಗ್ಗಿಯನ್ನು 2, 3, 4 ಎಂಬ ಕ್ರಮದಲ್ಲಿ ಕಲಿಸುವುದನ್ನು ಬಿಟ್ಟು 2, 10, 5 ರಿಂದ ಹೊರಡಿ. 4 ಎಂದರೆ ಎರಡರ ಮಗ್ಗಿಯ ಇಮ್ಮಡಿ, 8 ಅದರ ಇಮ್ಮಡಿ. 9 ಎಂದರೆ ಹತ್ತರ ಮಗ್ಗಿಯಲ್ಲಿ ಒಂದು ಸಲ ಕಡಿಮೆ. 3ನ್ನು ಕಲಿತರೆ ಇಮ್ಮಡಿಸಿ 6. ಇಷ್ಟಾದರೆ ಏಳರ ಮಗ್ಗಿಯಲ್ಲಿ ಹೊಸದು 7 × 7 = 49 ಒಂದೇ. ಮಿಕ್ಕಿದ್ದೆಲ್ಲ ತಿರುಗಿಸಿದರೆ ಬಂದಿರುತ್ತದೆ. ಹತ್ತು ಸಾಲು ಹತ್ತು ಚುಕ್ಕಿಯ ಹಾಳೆಯ ಮೇಲೆ ಎಲ್ ಆಕಾರದ ರಟ್ಟು ಸರಿಸಿ 7 ಸಾಲು 6 ಚುಕ್ಕಿ ತೋರಿಸಿ, ಐದನೇ ಸಾಲಿನ ಕೆಳಗೆ ಒಂದು ಪೊರಕೆಕಡ್ಡಿ ಇಡಿ. ಮೇಲೆ 30, ಕೆಳಗೆ 12, ಒಟ್ಟು 42. ಭಾಗಾಕಾರದಂಥ ಉದ್ದ ಲೆಕ್ಕ ಮಾಡುವಾಗ ಮಗ್ಗಿಯ ಚಾರ್ಟು ಎದುರಿಗಿರಲಿ. ಒಂದು ಗುಣಾಕಾರ ನೆನಪಿಸಿಕೊಳ್ಳುವಷ್ಟರಲ್ಲಿ ಈ ಮಗು ಯಾವ ಹೆಜ್ಜೆಯಲ್ಲಿದ್ದೆ ಎಂಬುದನ್ನೇ ಮರೆತುಬಿಡುತ್ತದೆ.

ಭಿನ್ನರಾಶಿಗೆ ದೋಸೆ, ಪಿಜ್ಜಾ ಚಿತ್ರಗಳಿಗಿಂತ ಕಾಗದದ ಪಟ್ಟಿ ಮೇಲು. ವೃತ್ತವನ್ನು ಕಣ್ಣಳತೆಯಲ್ಲಿ ಮೂರು ಸಮಪಾಲು ಮಾಡಲು ದೊಡ್ಡವರಿಗೂ ಆಗದು. 24 ಸೆಂ.ಮೀ. ಉದ್ದದ ಪಟ್ಟಿ ತಗೊಂಡರೆ ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3. ಎಲ್ಲವೂ ಪೂರ್ಣ ಸೆಂಟಿಮೀಟರ್. ಎಂಟನೇ ಒಂದು ಕಾಲಿಗಿಂತ ಚಿಕ್ಕದು ಎಂಬುದನ್ನು ಪಕ್ಕಪಕ್ಕ ಇಟ್ಟೇ ನೋಡಬೇಕು. 8 ದೊಡ್ಡದು, 4 ಚಿಕ್ಕದು ಎಂಬ ಹಳೆಯ ತಿಳಿವಳಿಕೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಗಡಿಯಾರಕ್ಕೆ ಒಂದೇ ಸಲಹೆ: ಹಳೆಯ ಗಡಿಯಾರದ ನಿಮಿಷದ ಮುಳ್ಳು ಕಿತ್ತುಹಾಕಿ, ಎರಡು ವಾರ ಗಂಟೆಯ ಮುಳ್ಳಿನಿಂದಲೇ "ಮೂರಾಗಿ ಸ್ವಲ್ಪ", "ಮೂರು, ನಾಲ್ಕರ ನಡುವೆ" ಎಂದು ಓದಿಸಿ. ಮೂರೂಕಾಲು, ಮೂರೂವರೆ, ಮೂರೂಮುಕ್ಕಾಲು ಎಂದು ಕನ್ನಡದಲ್ಲಿ ಮುಂದಕ್ಕೇ ಹೋಗುತ್ತೇವೆ. ಇಂಗ್ಲಿಷಿನ 'ಕ್ವಾರ್ಟರ್ ಟು ಫೋರ್' ಹಿಂದಕ್ಕೆ ಎಣಿಸುತ್ತದೆ. ಎರಡನ್ನೂ ಒಂದೇ ವಾರ ಕಲಿಸಬೇಡಿ.

ಆಟಗಳಲ್ಲಿ ಅತಿ ಸರಳವಾದದ್ದೇ ಹೆಚ್ಚು ಕೆಲಸ ಮಾಡುತ್ತದೆ. ಒಂದು ನೇರ ಸಾಲಿನಲ್ಲಿ 1ರಿಂದ 10ರವರೆಗೆ ಮನೆ, 1 ಅಥವಾ 2 ಬೀಳುವ ಒಂದು ಬಿಲ್ಲೆ. ಅಮೆರಿಕದ ಸಂಶೋಧಕರಾದ ರಮಣಿ ಮತ್ತು ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಟ್ಟ ಮಕ್ಕಳು ಹದಿನೈದಿಪ್ಪತ್ತು ನಿಮಿಷದಂತೆ ನಾಲ್ಕು ಸಲ ಇದನ್ನು ಆಡಿದ್ದಕ್ಕೇ ಸಂಖ್ಯಾಜ್ಞಾನ ಸುಧಾರಿಸಿತ್ತು. ಗುಟ್ಟು ಇರುವುದು ಮಾತಿನಲ್ಲಿ. 5ರಲ್ಲಿದ್ದು 2 ಬಿದ್ದರೆ "ಒಂದು, ಎರಡು" ಎನ್ನದೆ, ಮನೆಯ ಮೇಲಿರುವ "ಆರು, ಏಳು" ಹೇಳುತ್ತ ಸಾಗಬೇಕು. ಹಾವು ಏಣಿ ಪಟದಲ್ಲಿ ಸಾಲು ಪ್ರತಿ ಹತ್ತಕ್ಕೂ ದಿಕ್ಕು ಬದಲಿಸುವುದರಿಂದ ಈ ಮಕ್ಕಳು ಕಂಗಾಲಾಗುತ್ತಾರೆ. ಎಲ್ಲ ಸಾಲೂ ಎಡದಿಂದ ಬಲಕ್ಕೆ ಹೋಗುವಂತೆ ಸ್ವಂತ ಪಟ ಬರೆದುಕೊಳ್ಳಿ. ಅಳಿಗುಳಿ ಮಣೆ ಮತ್ತು ಚೌಕಾಬಾರದ ಕವಡೆ, ನಾಲ್ಕರವರೆಗಿನ ಗುಂಪನ್ನು ನೋಡಿದ ಕೂಡಲೇ ಗುರುತಿಸಲು ಒಳ್ಳೆಯ ಅಭ್ಯಾಸ. ಮೊಬೈಲಿನಲ್ಲಿ ಅಕ್ಷರ ಫೌಂಡೇಶನ್ನಿನ ಉಚಿತ 'ಬಿಲ್ಡಿಂಗ್ ಬ್ಲಾಕ್ಸ್' ಆಪ್ ಕನ್ನಡದಲ್ಲೂ ಇದೆ. 'ನಂಬರ್ ಫ್ರೇಮ್ಸ್' ಎಂಬ ಉಚಿತ ಆಪಿನಲ್ಲಿ ಹತ್ತರ ಚೌಕಟ್ಟು ಸಿಗುತ್ತದೆ. ಯಾವ ಆಪ್ ಆದರೂ ಓಡುವ ಗಡಿಯಾರವಿದ್ದರೆ ಅದನ್ನು ಆಫ್ ಮಾಡಿ.

ದಿನಕ್ಕೆ 20ರಿಂದ 25 ನಿಮಿಷ, ವಾರಕ್ಕೆ ಐದು ದಿನ. ಭಾನುವಾರ ಎರಡು ಗಂಟೆ ಕೂರಿಸುವುದು ಇದಕ್ಕೆ ಬದಲಿಯಾಗುವುದಿಲ್ಲ. ಇಪ್ಪತ್ತು ಲೆಕ್ಕದ ಹಾಳೆಯ ಬದಲು ನಾಲ್ಕು ಲೆಕ್ಕ, ಪ್ರತಿಯೊಂದಕ್ಕೂ "ಹೇಗೆ ಮಾಡಿದೆ?" ಬರೆಯಲು 1 ಸೆಂ.ಮೀ. ಚೌಕುಳಿಯ ಪುಸ್ತಕ, ಒಂದು ಮನೆಗೆ ಒಂದೇ ಅಂಕಿ. ಬಿಡಿಯ ಕೆಳಗೆ ಹತ್ತು ಬರೆದು ತಪ್ಪುವುದು ಇದರಿಂದಲೇ ಕಡಿಮೆಯಾಗುತ್ತದೆ.

ಕಾನೂನಿನ ಕಡೆಯಿಂದಲೂ ಆಸರೆ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಗಳಲ್ಲಿ ಡಿಸ್ಕ್ಯಾಲ್ಕ್ಯುಲಿಯಾವನ್ನು ಹೆಸರಿಸಿಯೇ ಸೇರಿಸಿದೆ. ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ ಬಳಕೆಯಲ್ಲಿದೆ. ಪ್ರಮಾಣಪತ್ರ ಸಾಮಾನ್ಯವಾಗಿ ಎಂಟು ವರ್ಷ ತುಂಬಿದ ಮೇಲೆ. ಸಿಬಿಎಸ್‌ಇ ಮಂಡಳಿ ಪರೀಕ್ಷೆಯಲ್ಲಿ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚುವರಿ ಸಮಯ ಉಂಟು, ಸಾದಾ ಕ್ಯಾಲ್ಕುಲೇಟರಿಗೂ ಅನುಮತಿ ಕೇಳಬಹುದು. ರಾಜ್ಯ ಪಠ್ಯಕ್ರಮದವರು ಒಂಬತ್ತನೇ ಕ್ಲಾಸಿನ ಆರಂಭದಲ್ಲೇ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಯ ಆ ವರ್ಷದ ರಿಯಾಯಿತಿಗಳನ್ನು ವಿಚಾರಿಸಿ. ತಪಾಸಣೆಗೆ ಹೋಗುವ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ ವರದಿ ಜತೆಗಿಡಿ. ಎರಡು ವರ್ಷದ ಲೆಕ್ಕದ ಉತ್ತರಪತ್ರಿಕೆ, ಚೌಕುಳಿ ಪುಸ್ತಕ ಒಯ್ಯಿರಿ. ಆ ಪುಸ್ತಕದ ಅಂಚಿನಲ್ಲಿ ತಾರೀಖು ಹಾಕಿ, ಯಾವ ಲೆಕ್ಕ ಟ್ರೇಯಲ್ಲಿ ಆಯಿತು, ಯಾವುದು ಟವೆಲ್ ಮುಚ್ಚಿದಾಗ, ಯಾವುದು ಬರೀ ಅಂಕಿಯಲ್ಲಿ ಎಂದು ಗುರುತು ಮಾಡಿಟ್ಟಿದ್ದರೆ ಪರೀಕ್ಷಿಸುವವರು ಮೊದಲು ಕೇಳುವ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.